ಅಗ್ಗದ ಶಬ್ದ

ನಮ್ಮಪ್ಪ ಸೊಲ್ಲಾಪುರದ ಉಳ್ಳಾಗಡ್ಡಿ ಬಾಜಾರದಾಗ
ಇಪ್ಪತ್ತೆರಡು ವರ್ಷ ಅಡತಿ ಗುಮಾಸ್ತ.
ಟವೆಲಿನ ಕೆಳಗ ಕೈಗೆ ಕೈ ಕೊಟ್ಟು ದರ ಹೇಳ್ತಿದ್ದ:
ಇಡೀ ಬೆರಳು ಹಿಡದ್ರ ನೂರು, ತುದಿ ಹಿಚುಕಿದ್ರ ಹತ್ತು.
ಮಾರಿ ಮ್ಯಾಲ ಮಾತ್ರ ಏನೂ ಇರ್ತಿರಲಿಲ್ಲ,
ಬಾಯಿ ಕಟ್ಟಿದ ಉಪ್ಪಿನಕಾಯಿ ಭರಣಿ.

ಅದಽ ಮಾರಿ ಮಾಡಿಕೊಂಡು ನಾನೀಗ
ಅಕ್ಕಲಕೋಟದ ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ
ಫೋನ್ ಹಿಡಕೊಂಡು ಕೂಡತೀನಿ.
ಖಟಿ ರೊಟ್ಟಿ, ಶೇಂಗಾ ಹಿಂಡಿ ನಮ್ಮ ಮಾಲು.
ಹುಡುಕಿದವರಿಗೆ ಮೊದಲ ನಮ್ಮ ಹೆಸರು ಕಾಣಬೇಕಂದ್ರ
ಶಬ್ದಕ್ಕ ಸವಾಲು ಕೂಗಬೇಕು.
ಇಲ್ಲಿ ಟವೆಲಿಲ್ಲ,
ಆದ್ರೂ ಎದುರಿನವನ ಬೆರಳು ಕಾಣಂಗಿಲ್ಲ.

ಮೊದಲ ವಾರ ಹುಚ್ಚಿ ಹಂಗ ಕೂಗಿದೆ.
'ಭಾಕರಿ' ಅಂತ ಮರಾಠಿಯೊಳಗ, ಇಂಗ್ಲಿಷಿನೊಳಗ.
ಪುಣೆಯ ಯಾವನೋ ದೊಡ್ಡ ಕಂಪನಿಯವ
ನಾ ಹತ್ತಂದ್ರ ಹನ್ನೊಂದು, ಹನ್ನೆರಡಂದ್ರ ಹದಿಮೂರು.
ಒಂದು ಒತ್ತಿಗೆ ಹದಿನಾಲ್ಕು ರೂಪಾಯಿ ಆತು.
ಅಷ್ಟು ರೊಕ್ಕಕ್ಕ ನಮ್ಮ ಗೌರಾಬಾಯಿ
ಏಳು ರೊಟ್ಟಿ ಬಡದು, ಕೈ ಝಾಡಿಸಿ, ನೀರು ಕುಡದಿರ್ತಾಳ.
ಬಂದವರಾದ್ರೂ ಯಾರು?
ಒಬ್ಬಾಕಿ ಪುಕ್ಕಟೆ ಸ್ಯಾಂಪಲ್ ಕೇಳಿದ್ಲು,
ಒಬ್ಬವ ರೊಟ್ಟಿ ಮಿಶೀನು ಕೇಳಿದ,
ಇನ್ನೊಬ್ಬವ ನೌಕರಿ.

ಅಪ್ಪ ಲೆಕ್ಕದ ವಹಿ ನೋಡಿ ಅಂದ:
'ಬಿಡಾಕ ಬಲ್ಲವರು ಕೂಗಬೇಕವ್ವಾ.'

ಜ್ವಾಳ ಹಸನು ಮಾಡಿದಂಗ ಕುಂತೆ.
ಪುಕ್ಕಟೆ, ಮಿಶೀನು, ನೌಕರಿ, ಮಾಡೋದು ಹ್ಯಾಂಗ:
ಈ ಹಳ್ಳೆಲ್ಲಾ ಮೊರದ ತುದಿಗೆ ತಂದು ತೂರಿದೆ.
ಹಗಲಹೊತ್ತು ಜಾಹೀರಾತು ಮುಚ್ಚಿದೆ;
ಹಗಲ ನೋಡವರು ನೋಡ್ತಾರ, ಅಷ್ಟಽ.
ರಾತ್ರಿ ಒಂಬತ್ತರಿಂದ ಹನ್ನೊಂದು ಸಾಕು,
ಉಂಡು ಕೈ ತೊಳದ ಮ್ಯಾಲೂ
ಹಲ್ಲಿನ ಸಂದ್ಯಾಗ ಊರು ಸಿಕ್ಕೊಂಡಿರೋ ಹೊತ್ತು.

ಒಂದಿನ ದಣದು, ಮರಾಠಿ ಬರೀಲಿಕ್ಕೂ ಬ್ಯಾಸರಾಗಿ
ಮನೀ ಮಾತಿನ್ಯಾಗ ಬರದೆ: ಖಟಿ ರೊಟ್ಟಿ.
ದರ ಬಂತು, ತೊಂಬತ್ತು ಪೈಸೆ.
ಕಣ್ಣು ತಿಕ್ಕಿ ನೋಡಿದೆ. ತೊಂಬತ್ತಽ.
'ರೊಟಿ' ಅಂತ ತಪ್ಪು ಬರದ್ರ ನಲವತ್ತು.
ನಾಕನೇತ್ತಕ್ಕ ಶಾಳಿ ಬಿಟ್ಟವರು ಹಂಗಽ ಬರೀತಾರ,
ತಪ್ಪು ಬರಿಯವರಿಗೂ ಹಸಿವಿ ಇರ್ತದ.

ಖುಷಿ ಆತು. ಆಮ್ಯಾಲ ಗಂಟಲಾಗ ಏನೋ ತಟ್ಟಿತು.
ನಮ್ಮ ಶಾಳ್ಯಾಗ ಕನ್ನಡ ಮಾಸ್ತರ್ ಕುರ್ಚಿ
ಮೂರು ವರ್ಷದಿಂದ ಖಾಲಿ.
ಅಂಗಡಿ ಬೋರ್ಡು ಮರಾಠಿ, ಅರ್ಜಿ ಮರಾಠಿ,
ಜಗಳ ಮಾತ್ರ ಕನ್ನಡದಾಗ.
ಯಾರೂ ಕೂಗಲಿಲ್ಲಂದ್ರ ಅಗ್ಗ.
ಅಗ್ಗ ಅಂದ್ರ ನನಗ ಲಾಭ.
ಈ ಲಾಭ ಯಾವ ಖಾತೆಗೆ ಬರೀಲಿ?

ಭಿವಂಡಿಯಿಂದ ಫೋನು ಬಂತು, ಸುಗಲಾಬಾಯಿ ಅಂತ.
'ನಮ್ಮ ಅಕ್ಷರ ಫೋನಿನ್ಯಾಗ ಹ್ಯಾಂಗ ಬಂತ್ರೀ?
ಮಗಳಿಗೆ ಓದಾಕ ಬರಂಗಿಲ್ಲ, ನಾನಽ ಒತ್ತಿದೆ.'
ಇನ್ನೂರು ರೊಟ್ಟಿ ಬೇಕಂದ್ಲು.
ಇಟ್ಟ ಮ್ಯಾಲ ನೆನಪಾತು, ತಿರುಗಿ ಮಾಡಿ
'ಹಿಂಡಿ ಖಾರ ಇರಲಿ' ಅಂದ್ಲು.

ಆ ರಾತ್ರಿ ಅಪ್ಪ ತನ್ನ ಹಳೇ ಟವೆಲು
ನನ್ನ ಕೈಮ್ಯಾಲ ಹೊಚ್ಚಿ ಕೇಳಿದ: 'ಎಷ್ಟಕ್ಕ?'
ಈಗ ಇಡೀ ಬೆರಳು ಒಂದು ರೂಪಾಯಿ.
ತುದಿ ಒಂಬತ್ತು ಸಲ ಹಿಚುಕಿದೆ.
ಭರಣಿ ಬಾಯಿ ತುಸು ಸಡಿಲಾತು.

ಇವತ್ತು ನೋಡ್ತೀನಿ, ಖಟಿ ರೊಟ್ಟಿಗೆ
ಒಂದು ರೂಪಾಯಿ ಮೂವತ್ತು.
ಯಾರೋ ಇನ್ನೊಬ್ಬರು ಕನ್ನಡದಾಗ ಕೂಗ್ಯಾರ.
ಜತ್ತದವರೋ, ಇಂಡಿಯವರೋ, ಇದಽ ಓಣಿಯವರೋ.
ಸಿಟ್ಟು ಬರಬೇಕಿತ್ತು.
ಟವೆಲು ತಗೊಂಡು ಅಪ್ಪನ ಹತ್ರ ಹೋದೆ.
ಒಂದು ಬೆರಳು ಇಡೀ ಹಿಡದ,
ತುದಿ ಒಂದು ಸಲ, ಎರಡು, ಮೂರು.
ನಾಕನೇದು ಹಿಚುಕಲಿಲ್ಲ, ಬಿಡಲೂ ಇಲ್ಲ,
ಹಂಗಽ ಹಿಡಕೊಂಡು ಕುಂತ.